ಗೆರೆಯಮ್ಮನ ನೆಟ್ಟನೆ ಗೆರೆ

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಅತ್ತೆ ಈ ಮಾತನ್ನು ಮನೆಯಲ್ಲಿ ಆಡಿದ್ದರೆ ಸೊಸೆ ಉಗುಳಿನ ಜೊತೆ ನುಂಗಿಕೊಳ್ಳುತ್ತಿದ್ದಳು. ಆಡಿದ್ದು ಕಾರ್ಖಾನೆಯಲ್ಲಿ, ಮಾಲೀಕನ ಕೋಣೆಯಲ್ಲಿ, ಎಲ್ಲರೂ ಮೇಜಿನ ಸುತ್ತ ಕೂತಿದ್ದಾಗ. ಕೂತವರೆಲ್ಲ ನಕ್ಕರು. ಪ್ಯಾಕಿಂಗಿನವನಂತೂ ಚಹಾ ಮೂಗಿಗೇರಿ ಕೆಮ್ಮತೊಡಗಿದ. ಸೊಸೆಗೆ ಕಿವಿಯ ತುದಿಯಿಂದ ಅಂಗಾಲಿನವರೆಗೆ ಉರಿ ಹತ್ತಿತು.

ಅವಳು ಹೇಳಿದ್ದಾದರೂ ಏನು? "ಮೆಮೊರಿ ಚಿಪ್ಪಿಗೆ ಹೋಗೋ ವೋಲ್ಟೇಜ್ ಕುಸೀತಿದೆ, ಅದಕ್ಕೇ ಯಂತ್ರ ಮರೀತಿದೆ" ಎಂದಿದ್ದಳು, ಅಷ್ಟೇ. ಆದರೆ ಆ ಕಾರ್ಖಾನೆಯಲ್ಲಿ ವೋಲ್ಟೇಜ್ ಕುಸಿಯಿತು ಎನ್ನುವುದೂ ಒಂದೇ, ಅತ್ತೆಯ ಮುಖಕ್ಕೆ ಮಸಿ ಬಳಿಯುವುದೂ ಒಂದೇ. ಏಕೆಂದರೆ ಅಲ್ಲಿ ವೋಲ್ಟೇಜ್ ನೋಡುವವಳು ಅತ್ತೆ.

ಅವರು ಮಾಡುತ್ತಿದ್ದುದು ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಲ್ಲುವ ಡ್ರಿಪ್ ಯಂತ್ರ. ಔಷಧ ಎಷ್ಟು ನಿಧಾನವಾಗಿ ಇಳಿಯಬೇಕೆಂದು ನರ್ಸ್ ಗುಂಡಿ ಒತ್ತಿ ಹೇಳುತ್ತಾಳೆ. ಯಂತ್ರ ಅದನ್ನು ತನ್ನ ಮೆಮೊರಿಯಲ್ಲಿಟ್ಟುಕೊಂಡು ಹನಿ ಹನಿಯಾಗಿ ಇಳಿಸುತ್ತದೆ. ಹೇಗೆ ಇಳಿಸಬೇಕೆಂಬ ಪ್ರೋಗ್ರಾಂ ಬರೆದವಳು ಸೊಸೆ. ಬೋರ್ಡಿನ ಮೇಲೆ ವಿದ್ಯುತ್ತು ಅಲುಗಾಡದೆ ನಿಂತಿದೆಯೇ ಎಂದು ಪರೀಕ್ಷಿಸಿ, ನಿಂತಿದ್ದರೆ ಹಸಿರು ಸ್ಟಿಕ್ಕರ್ ಅಂಟಿಸುವವಳು ಅತ್ತೆ. ಆ ಹಸಿರು ಸ್ಟಿಕ್ಕರ್ ಇಲ್ಲದ ಪೆಟ್ಟಿಗೆಯನ್ನು ಯಾವ ಆಸ್ಪತ್ರೆಯೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಹಳೆಯ ಯಂತ್ರ ಇಟ್ಟಿಗೆಯಷ್ಟು ದಪ್ಪ. ಹೊಸದು ಪುಸ್ತಕದಷ್ಟು ತೆಳು. ಆ ತೆಳುವಿನ ಮೇಲೆ ಮಾಲೀಕನಿಗೆ ಹೊಸ ಮದುಮಗಳ ಮೇಲಿರುವಷ್ಟು ಮೋಹ. ಪರೀಕ್ಷೆಗೆಂದು ಕೆಲವನ್ನು ಒಂದು ಆಸ್ಪತ್ರೆಗೆ ಕಳಿಸಿದ್ದರು. ಅಲ್ಲಿಂದ ನರ್ಸ್ ಫೋನ್ ಮಾಡಿದ್ದಳು.

"ನಾನು ಹೇಳಿದ್ದನ್ನ ಮರ್ತು ತನಗೆ ತೋಚಿದ ಹಾಗೆ ಸುರೀತಿತ್ತು ಕಣಮ್ಮ ನಿಮ್ಮ ಯಂತ್ರ. ಪಕ್ಕದಲ್ಲೇ ಇದ್ದೆ, ನಿಲ್ಲಿಸ್ದೆ. ಪಕ್ಕದಲ್ಲೇ ಕಾವಲು ನಿಲ್ಲೋದಾದ್ರೆ ಯಂತ್ರ ಯಾಕೆ ನಂಗೆ? ಹನಿ ಎಣಿಸೋಕೆ ನಂಗೂ ಬರುತ್ತೆ."

ಅವತ್ತಿನಿಂದ ಸೊಸೆಗೆ ಮರೆಗುಳಿ ಎಂದು ಹೆಸರು ಬಿತ್ತು. "ಮರೆಗುಳಿ, ಊಟದ ಡಬ್ಬಿ ತಂದ್ಯಾ, ಮರ್ತ್ಯಾ?" "ಮರೆಗುಳಿ, ಗಂಡನ ಮುಖ ನೆನಪಿದ್ಯಾ?" ಹಲ್ಲು ಕಚ್ಚಿ ನಕ್ಕಳು. ಬರುಬರುತ್ತ ನಗುವುದನ್ನು ಬಿಟ್ಟು ಬರೀ ಹಲ್ಲು ಕಚ್ಚಿದಳು. ಈಗ ಮಾಲೀಕ ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಎಲ್ಲರೆದುರು ಹೇಳಿದ: "ನೋಡಮ್ಮಾ, ಈ ವಾರದ ಕೊನೆಗೆ ಲಾರಿ ಬರುತ್ತೆ. ಅಷ್ಟರಲ್ಲಿ ನಿನ್ನ ತಪ್ಪು ನೀನು ಹುಡುಕ್ಕೋ. ಆಗ್ಲಿಲ್ಲ ಅಂದ್ರೆ ಹುಡುಕೋರನ್ನ ನಾನು ಹುಡುಕ್ತೀನಿ. ರೋಗಿ ಪ್ರಾಣದ ಜೊತೆ ಆಡಿದೋಳು ಅಂತ ಹೆಸರು ಬಿದ್ರೆ ಆಮೇಲೆ ಬೇರೆ ಕಡೆ ಕೆಲಸಾನೂ ಕಷ್ಟ."

ಸೊಸೆ ಹುಡುಕದೆ ಇದ್ದಳೇ? ಬರೆದ ಒಂದೊಂದು ಸಾಲನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿದ್ದಳು. ಕಲ್ಲು ಸಿಕ್ಕಿರಲಿಲ್ಲ. ಅವಳ ಮೇಜಿನ ಮೇಲೆ ಯಂತ್ರ ಮರೆಯುತ್ತಿತ್ತು. ಈಗ ಸಿಕ್ಕಿಬಿತ್ತು ಎಂದು ಯಂತ್ರವನ್ನು ಹಾಗೇ ಎತ್ತಿಕೊಂಡು ಅತ್ತೆಯ ಮೇಜಿಗೆ ಓಡುತ್ತಿದ್ದಳು. ಅತ್ತೆ ಕನ್ನಡಕ ಏರಿಸಿ, ಅಳೆಯುವ ಕಡ್ಡಿಯನ್ನು, ಅದಕ್ಕೆ ಅವರು ಪ್ರೋಬ್ ಅನ್ನುತ್ತಿದ್ದರು, ಮೆಮೊರಿಯ ಬುಡಕ್ಕೆ ಕಚ್ಚಿಸುತ್ತಿದ್ದಳು. ಪರದೆಯ ಮೇಲೆ ವೋಲ್ಟೇಜಿನ ಗೆರೆ ಮೂಡುತ್ತಿತ್ತು. ದಾರ ಹಿಡಿದು ಎಳೆದಷ್ಟು ನೆಟ್ಟಗೆ. ಯಂತ್ರವೂ ಏನನ್ನೂ ಮರೆಯುತ್ತಿರಲಿಲ್ಲ, ಸಂಜೆಯವರೆಗೆ ಕೂತರೂ ಮರೆಯುತ್ತಿರಲಿಲ್ಲ.

"ನನ್ನ ಹತ್ರ ಬಂದ್ರೆ ಹಸು, ನಿನ್ನ ಹತ್ರ ಹೋದ್ರೆ ಒದೆಯುತ್ತೆ. ಹಾಲು ಕರೆಯೋ ಕೈ ಸರಿ ಇಲ್ಲ" ಎನ್ನುತ್ತಿದ್ದಳು ಅತ್ತೆ.

ಅಲ್ಲಿ ಅತ್ತೆಗೆ ಗೆರೆಯಮ್ಮ ಎಂದೇ ಹೆಸರು. ಮೊದಲು ಪವರ್ ಬಾಕ್ಸ್ ಮಾಡುವ ಕಾರ್ಖಾನೆಯಲ್ಲಿ ತಲೆ ಹಣ್ಣಾಗುವವರೆಗೆ ದುಡಿದು, ಅಲ್ಲಿಂದ ತನ್ನ ಪ್ರೋಬನ್ನು ಜೊತೆಗೇ ಇಟ್ಟುಕೊಂಡು ಇಲ್ಲಿಗೆ ಬಂದವಳು. ಗೆರೆಯಲ್ಲಿ ಒಂದು ಕೂದಲಿನಷ್ಟು ನಡುಕ ಕಂಡರೂ ಬೋರ್ಡನ್ನು ಬುಟ್ಟಿಗೆ ಎಸೆಯುವಳು. ಆ ಪ್ರೋಬನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಅದು ಆ ಮೇಜು ಬಿಟ್ಟು ಕದಲುವಂತಿಲ್ಲ. "ಹತ್ತು ಕೈ ಸೇರಿದ ಅಳತೆಗೋಲು ಹತ್ತು ಸುಳ್ಳು ಹೇಳುತ್ತೆ" ಎನ್ನುವಳು. ಅದು ಒಳ್ಳೆಯ ನಿಯಮವೇ. ಹೊಸಬರಿಗೆಲ್ಲ ಸೊಸೆಯೇ ಅದನ್ನು ಹೇಳಿಕೊಟ್ಟಿದ್ದಳು.

ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ ಒಂದು ಮುಖ ನೋಡಿದ, ಇನ್ನೊಂದು ಮುಖ ನೋಡಿದ. ಅವನು ಬೇಕರಿಯಲ್ಲಿ ಬ್ರೆಡ್ ಸುಡುವವನು. ಬಿಸಿ ಎಲ್ಲಿಂದ ಬರುತ್ತದೆಂದು ಅವನಿಗೆ ಗೊತ್ತಾಗುತ್ತಿತ್ತು.

"ಇಬ್ರೂ ಚಪ್ಪಲಿ ಜೊತೆ ವೋಲ್ಟೇಜನ್ನೂ ಹೊರಗೇ ಬಿಟ್ಟು ಬಂದಿದ್ರೆ ಆಗ್ತಿತ್ತು."

ಯಾರೂ ನಗಲಿಲ್ಲ.

"ತಪ್ಪಾಯ್ತು ಅಂತ ಒಂದು ಮಾತು ಅಂದ್ರೆ ತಲೆ ಮೇಲಿನ ಕಿರೀಟ ಬಿದ್ದೋಗುತ್ತಾ?" ಎಂದಳು ಅತ್ತೆ, ತಟ್ಟೆ ನೋಡುತ್ತ. "ನಾನೇನು ನಿನ್ನ ಕೆಡಿಸೋಕೆ ಹೇಳ್ತಿದೀನಾ? ಒಪ್ಕೊಂಡ್ರೆ ಮಾಲೀಕ ಇನ್ನೊಂದು ವಾರ ಕೊಡ್ತಾನೆ."

"ಮಾಡಿದ್ರೆ ಒಪ್ಕೋತಿದ್ದೆ."

"ಹಾಗಾದ್ರೆ ನಾನು ಮಾಡಿದ್ದಾ?"

"ಹೇಗೆ ಹೇಳಲಿ ಅತ್ತೆ? ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅಂತಾರೆ. ನಿಮ್ಮ ಕಾರ್ಖಾನೆಯಲ್ಲೂ ಅದೇ ನ್ಯಾಯ."

"ಏಯ್" ಎಂದ ಗಂಡ.

"ನೀನು ಸುಮ್ನಿರು" ಎಂದರು ಇಬ್ಬರೂ ಒಟ್ಟಿಗೆ. ಎಷ್ಟೋ ದಿನಗಳಲ್ಲಿ ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೊಂದೇ.

ಮರುದಿನ ಸೊಸೆ ಹೊಸದೊಂದು ಚಿಕ್ಕ ಪ್ರೋಗ್ರಾಂ ಬರೆದಳು. ಔಷಧ, ಹನಿ ಅದಾವುದೂ ಅದರಲ್ಲಿರಲಿಲ್ಲ. ಮೆಮೊರಿಯ ಎಲ್ಲ ಮನೆಗಳನ್ನೂ ಒಂದೇ ಏಟಿಗೆ ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ತಿರುಗಿಸುವುದು, ತಿರುಗಿತೇ ಎಂದು ಓದಿ ನೋಡುವುದು, ತಪ್ಪಿದ್ದರೆ ಪರದೆಯಲ್ಲಿ ಕೆಂಪಗೆ ತೋರಿಸುವುದು. ನಿಲ್ಲಿಸುವವರೆಗೆ ಮತ್ತೆ ಮತ್ತೆ ಅಷ್ಟೇ ಕೆಲಸ. ಮನೆಯವರೆಲ್ಲ ಒಂದೇ ಗಳಿಗೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಹೇಗೆ ಸಣ್ಣಗಾಗುತ್ತದೋ ಹಾಗೆ, ಮೆಮೊರಿಯ ಮನೆಗಳೆಲ್ಲ ಒಟ್ಟಿಗೆ ತಿರುಗಿದರೆ ಅದು ಒಂದೇ ಗುಟುಕಿಗೆ ವಿದ್ಯುತ್ತು ಕೇಳುತ್ತದೆ. ದೂರದಿಂದ ಬರುವ ವೋಲ್ಟೇಜ್ ಆ ಗಳಿಗೆಯಲ್ಲಿ ಕುಸಿದರೆ ಬರೆದದ್ದು ಬರೆದ ಹಾಗೆ ಉಳಿಯುವುದಿಲ್ಲ. ತನ್ನ ಮೇಜಿನ ಮೇಲೆ ಓಡಿಸಿದಳು. ಪರದೆ ಕೆಂಪಾಯಿತು.

ಅತ್ತೆ ಊಟಕ್ಕೆ ಎದ್ದದ್ದೇ ತಡ, ಬೋರ್ಡನ್ನೂ ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಹೋಗಿ ಅತ್ತೆಯ ಸ್ಟೂಲಿನ ಮೇಲೆ ಕೂತಳು. ಕೂತಿದ್ದು ಕೋಪಕ್ಕೆ. ನಿಯಮ ಮುರಿಯುತ್ತಿದ್ದೇನೆ ಎಂಬ ಅರಿವಿತ್ತು, ಮುರಿಯಬೇಕೆಂದೇ ಕೂತಳು. ಪ್ರೋಬನ್ನು ಮೆಮೊರಿಯ ಬುಡಕ್ಕೆ ಕಚ್ಚಿಸಿ ಪ್ರೋಗ್ರಾಂ ಓಡಿಸಿದಳು.

ನೆಟ್ಟನೆ ಗೆರೆ. ಒಂದೇ ಒಂದು ಕೆಂಪಿಲ್ಲ.

ಅವಳ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ. ಇಷ್ಟು ಕೋಪ ಬಂದಾಗ ಮನುಷ್ಯರಿಗೆ ಬರುವ ನೀರು ಅದು. "ಹಾಳಾಗಿ ಹೋಗು" ಎಂದು ಪ್ರೋಬನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದಳು.

ಲ್ಯಾಪ್‌ಟಾಪಿನ ಪರದೆ ಮೇಲಿಂದ ಕೆಳಗಿನವರೆಗೆ ಕೆಂಪಾಯಿತು.

ಸೊಸೆ ಪ್ರೋಬನ್ನು ಮತ್ತೆ ಕಚ್ಚಿಸಿದಳು. ಕೆಂಪು ನಿಂತಿತು. ತೆಗೆದಳು, ಕೆಂಪು. ಇಟ್ಟಳು, ಇಲ್ಲ. ಪ್ರೋಬಿನ ಮೂತಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತುದಿಗೂ ಅದರ ಅರ್ತ್ ತಂತಿಗೂ ನಡುವೆ ಪುಟ್ಟ ಕೆಪಾಸಿಟರುಗಳನ್ನು ಬೆಸುಗೆ ಹಾಕಿತ್ತು. ಕೆಪಾಸಿಟರ್ ಅಂದರೆ ಬಾಗಿಲ ಬಳಿ ತುಂಬಿಟ್ಟ ತಂಬಿಗೆ. ಟ್ಯಾಂಕಿನ ನೀರು ಬರುವವರೆಗೆ ಒಂದು ಗುಟುಕು ಕೊಟ್ಟು ಬಾಯಾರಿಕೆ ತಡೆಯುವಂಥದ್ದು. ಅಳೆಯಲು ಹೋದ ಕಡ್ಡಿಯೇ ತಂಬಿಗೆ ಹೊತ್ತುಕೊಂಡು ಹೋಗುತ್ತಿತ್ತು! ಅದು ಪಕ್ಕದಲ್ಲಿದ್ದಷ್ಟು ಹೊತ್ತು ಮೆಮೊರಿಗೆ ದಾಹವೇ ಇಲ್ಲ.

ಸಂತೋಷ ಆಗಬೇಕಿತ್ತು. ಆಗಲಿಲ್ಲ. ಮರೆಗುಳಿ ಅನ್ನಿಸಿಕೊಂಡ ಒಂದೊಂದು ದಿನವೂ ಎದುರಿಗೆ ಬಂದು ನಿಂತಿತು.

"ಏಳು ಅಲ್ಲಿಂದ."

ಅತ್ತೆ ಬಂದಿದ್ದಳು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ.

"ಏಳ್ತೀನಿ. ಮೊದಲು ಇದನ್ನ ನೀವೇ ನಿಮ್ಮ ಕೈಯಾರ ಎತ್ತಿ."

"ನನ್ನ ಪ್ರೋಬ್ ಮುಟ್ಟಿದ್ಯಾ? ಮನೇಲಿ ಮಾತಿಗೆ ಮಾತು, ಇಲ್ಲಿ ಮೇಜಿಗೇ ಕೈ?"

"ಎತ್ತಿ ಅಂದೆ."

ಸೊಸೆ ಆ ದನಿಯಲ್ಲಿ ಹಿಂದೆಂದೂ ಅತ್ತೆಯ ಹತ್ತಿರ ಮಾತಾಡಿರಲಿಲ್ಲ. ಆ ಸಾಲಿನ ಮೇಜುಗಳಲ್ಲಿ ಸ್ಕ್ರೂ ತಿರುಗಿಸುವ ಸದ್ದು ನಿಂತಿತು. ಅತ್ತೆ ಸುತ್ತ ಒಮ್ಮೆ ನೋಡಿ ಪ್ರೋಬನ್ನು ಎತ್ತಿದಳು. ಪರದೆ ಕೆಂಪಾಯಿತು. ಇಟ್ಟಳು. ಎತ್ತಿದಳು. ನಾಲ್ಕಾರು ಸಲ ಮಾಡಿದಳು, ಬಿಸಿಯೋ ತಣ್ಣಗೋ ಎಂದು ನೀರಿಗೆ ಬೆರಳದ್ದಿ ನೋಡುವವರ ಹಾಗೆ. ಆಮೇಲೆ ಪ್ರೋಬಿನ ಮೂತಿ ನೋಡಿದಳು.

"ಅದು ಅಲ್ಲಿ ಎಲ್ರೂ ಹಾಕೋದೇ" ಎಂದಳು. "ಪವರ್ ಬಾಕ್ಸ್ ಅಳೆಯೋವಾಗ ಹೊರಗಿನ ಗಲಾಟೆಯೆಲ್ಲ ಗೆರೆ ಮೇಲೆ ಬರುತ್ತೆ. ಅದನ್ನ ಸೋಸೋಕೆ ಹಾಕ್ತಿದ್ವಿ. ಅದೇ ಕ್ರಮ."

"ಅಲ್ಲಿ ಕ್ರಮ. ಇಲ್ಲಿ ನೀವು ರೋಗಿಗೆ ಮೊದಲು ಔಷಧ ಕುಡಿಸಿ ಆಮೇಲೆ ಜ್ವರ ಇದ್ಯಾ ಅಂತ ನೋಡ್ತಿದ್ರಿ."

ಅತ್ತೆಯ ಮುಖಕ್ಕೆ ಏಟು ಬಿದ್ದಂತಾಯಿತು. ಇನ್ನೇನು ಬೈಯುತ್ತಾಳೆ ಎಂದು ಸೊಸೆ ಕಾದಳು. ಬೈದರೆ ತಿರುಗಿ ಬೈಯಲು ಅವಳ ಹತ್ತಿರ ಎಷ್ಟೋ ಇತ್ತು. ಅತ್ತೆ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಬೋರ್ಡನ್ನು ಭೂತಗನ್ನಡಿಯ ಕೆಳಗಿಟ್ಟು ಬಗ್ಗಿದಳು.

"ಹಳೇದರಲ್ಲಿ ಮೆಮೊರಿ ಚಿಪ್ಪಿನ ಕಾಲಿನ ಬುಡದಲ್ಲೇ ಕೆಪಾಸಿಟರ್ ಇದ್ವು. ಇದರಲ್ಲಿ ಬೋಳು."

"ತೆಳು ಮಾಡೋಕೆ ತೆಗೆಸಿದ್ರು."

"ಗೊತ್ತು. ತೆಗೆಯೋ ಮುಂಚೆ ಮಾಲೀಕ ನನ್ನನ್ನೇ ಕರೆದು ಕೇಳಿದ್ದ. ಇವಿಲ್ಲದೆ ಗೆರೆ ನಿಲ್ಲುತ್ತಾ ಗೆರೆಯಮ್ಮಾ ಅಂದ. ಈ ಪ್ರೋಬನ್ನೇ ಕಚ್ಚಿಸಿ ನೋಡಿದೆ, ಕಲ್ಲಿನ ಹಾಗೆ ನಿಲ್ಲುತ್ತೆ ಅಂದೆ." ಅತ್ತೆ ತಲೆ ಎತ್ತಲಿಲ್ಲ. "ಬೆಸುಗೆ ಹಾಕೋ ಕಾವುಕಡ್ಡಿ ಕೊಡು ಇಲ್ಲಿ. ನಿಂತ್ಕೊಂಡು ನನ್ನ ಮುಖ ಏನ್ ನೋಡ್ತೀಯ? ನೀನು ಗೆದ್ದೆ ಅಂತ ಡಂಗುರ ಸಾರಬೇಕಾ?"

ಬೆಸುಗೆಯ ಹೊಗೆ ಎದ್ದಿತು. ಬೋಳು ಜಾಗದಲ್ಲಿ ಎರಡು ಕೆಪಾಸಿಟರ್ ಕೂತವು. ಪ್ರೋಬನ್ನು ದೂರ ಸರಿಸಿ, ಸೊಸೆಯ ಪ್ರೋಗ್ರಾಂನ ಒಂದಕ್ಷರವನ್ನೂ ಮುಟ್ಟದೆ ಓಡಿಸಿದರು. ಪರದೆ ಸ್ವಚ್ಛವಾಗಿಯೇ ಉಳಿಯಿತು. ಮುಂದಿನ ಮೇಜಿನವಳು "ಅಯ್ಯೋ, ಹಾಗಾದ್ರೆ ಇವಳದ್ದು..." ಎಂದು ಶುರು ಮಾಡಿ ಅತ್ತೆಯ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡಳು.

ಮಾಲೀಕ ದಡ್ಡನಲ್ಲ. ಬೋರ್ಡು ಮುಂದಿಟ್ಟು ಹೇಳಿದಾಗ ಅರ್ಧದಲ್ಲೇ ಅವನಿಗೆ ಅರ್ಥವಾಯಿತು. ಎದ್ದು ಬಾಗಿಲು ಹಾಕಿದ.

"ಒಳ್ಳೇದೇ ಆಯ್ತು. ಮುಂದಿನ ಸಲದಿಂದ ಹಾಕೋಣ. ಆದ್ರೆ ಈಗ ಪೆಟ್ಟಿಗೆ ಸೇರಿರೋವನ್ನೆಲ್ಲ ಬಿಚ್ಚೋಕಾಗುತ್ತಾ? ಲಾರಿ ಬರುತ್ತೆ." ಕುರ್ಚಿಯನ್ನು ಸೊಸೆಯ ಕಡೆ ತಿರುಗಿಸಿದ. ದನಿ ಬೆಣ್ಣೆಯಾಯಿತು. "ನೀನು ಜಾಣೆ. ಎಲ್ಲಾ ಒಟ್ಟಿಗೆ ತಿರುಗದ ಹಾಗೆ ಸ್ವಲ್ಪ ನಿಧಾನವಾಗಿ ಬರೆಯೋ ಹಾಗೆ ಪ್ರೋಗ್ರಾಂ ತಿದ್ದೋಕಾಗಲ್ವಾ?"

"ಆಗುತ್ತೆ. ಮರೆಯೋದು ಕಡಿಮೆ ಆಗುತ್ತೆ. ನಿಲ್ಲಲ್ಲ."

"ಕಡಿಮೆ ಆದ್ರೆ ಸಾಕು. ಪ್ರೋಗ್ರಾಂನಲ್ಲಿ ಸಣ್ಣ ತಪ್ಪಿತ್ತು, ತಿದ್ದಿದೀವಿ ಅಂತ ಆಸ್ಪತ್ರೆಗೆ ಹೇಳೋಣ. ಬೋರ್ಡಿನ ತಪ್ಪು ಅಂದ್ರೆ ಎಲ್ಲಾ ವಾಪಸ್ ಬರುತ್ತೆ. ಪ್ರೋಗ್ರಾಂ ತಪ್ಪು ಅಂದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ದಿನಾ ಆಗುತ್ತೆ. ನಿನ್ನ ಕೆಲಸ ಗಟ್ಟಿ, ನಾನು ಮಾತು ಕೊಡ್ತೀನಿ. ನಿಮ್ಮತ್ತೆ ಮರ್ಯಾದೆನೂ ಉಳಿಯುತ್ತೆ. ಮನೆಯೊಳಗಿನ ಮಾತು ಮನೆಯೊಳಗೇ."

ಎಲ್ಲರಿಗೂ ಒಂದೊಂದು ತುಂಡು ಕೊಯ್ದು ಹಂಚಿದ್ದ. ಕಡಿಮೆ ಮರೆಯುವ ಯಂತ್ರದ ಕೆಳಗೆ ಮಲಗುವವನಿಗೆ ಮಾತ್ರ ಪಾಲಿರಲಿಲ್ಲ.

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಬೋರ್ಡನ್ನು ನೋಡುತ್ತಿದ್ದಳು. ಒಪ್ಪುತ್ತಾಳೆ ಅಂದುಕೊಂಡಳು ಸೊಸೆ. ಯಾಕೆ ಒಪ್ಪಬಾರದು? ಇಷ್ಟು ಕಾಲದ ಹೆಸರು, ಒಂದು ಸಣ್ಣ ಸುಳ್ಳಿಗೆ ಉಳಿಯುವುದಾದರೆ ಯಾರು ಬೇಡವೆನ್ನುತ್ತಾರೆ? ತನಗೂ ಕೆಲಸ ಉಳಿಯುತ್ತದೆ. ಮರೆಗುಳಿ ಎಂಬ ಹೆಸರೊಂದು ಅಂಟಿಕೊಂಡಿರುತ್ತದೆ, ಅಷ್ಟೇ. ಆ 'ಅಷ್ಟೇ' ಎನ್ನುವುದು ಮನಸ್ಸಿಗೆ ಬಂದ ಕೂಡಲೇ ಅವಳ ರಕ್ತ ಮತ್ತೆ ಕುದಿಯಿತು.

ಮಾಲೀಕನ ಮೇಜಿನ ಮೇಲಿದ್ದ ಫೋನನ್ನೇ ಎತ್ತಿ ಆಸ್ಪತ್ರೆಯ ನಂಬರ್ ಒತ್ತಿದಳು.

"ಯಾರಿಗೆ ಮಾಡ್ತಿದೀಯಾ?"

"ಆ ತೆಳು ಯಂತ್ರ ಎಲ್ಲಾ ಹಾಸಿಗೆಯಿಂದಲೂ ತೆಗೀರಿ" ಎಂದಳು ಫೋನಿಗೆ. "ಹೂಂ, ಎಲ್ಲಾ. ಬೋರ್ಡಿನಲ್ಲೇ ದೋಷ ಇದೆ, ಮೆಮೊರಿಗೆ ವೋಲ್ಟೇಜ್ ನಿಲ್ತಿಲ್ಲ. ಹೇಳ್ತಿರೋದಾ? ಪ್ರೋಗ್ರಾಂ ಬರೆದವಳು. ಹೌದು, ಇದು ನಮ್ಮ ಮಾಲೀಕರ ಫೋನೇ, ಅವರೂ ಎದುರಿಗೇ ಕೂತಿದಾರೆ."

ಫೋನ್ ಇಟ್ಟಳು. ಮಾಲೀಕನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪೇರಿತು.

"ನಾಳೆಯಿಂದ ಬರಬೇಡ."

"ಸರಿ."

"ಗೆರೆಯಮ್ಮಾ, ನಿಮ್ಮ ಸೊಸೆ ಮಾಡಿದ್ದು ನೋಡಿದ್ರಾ? ನಾಳೆ ಆಸ್ಪತ್ರೆಯವರು ಬಂದ್ರೆ ನೀವು ಒಂದೇ ಮಾತು ಹೇಳಿ ಸಾಕು, ನಾನು ಅಳೆದಿದೀನಿ, ಗೆರೆ ನೆಟ್ಟಗಿದೆ ಅಂತ. ನಿಮ್ಮ ಹಸಿರು ಸ್ಟಿಕ್ಕರ್ ಇದ್ದ ಮೇಲೆ ಇವಳ ಮಾತು ಯಾರು ಕೇಳ್ತಾರೆ?"

ಅತ್ತೆ ಎದ್ದಳು. ಮಂಡಿ ನೋವಿನವಳು, ಮೇಜು ಹಿಡಿದುಕೊಂಡು ನಿಧಾನವಾಗಿ ಎದ್ದಳು. ಬಾಗಿಲು ತೆಗೆದು, ಎಲ್ಲರ ಮುಂದೆ ಹಾದು ಪ್ಯಾಕಿಂಗ್ ಹಾಲಿಗೆ ನಡೆದಳು. ಅಲ್ಲಿ ಗೋಡೆಯುದ್ದಕ್ಕೂ ಪೆಟ್ಟಿಗೆಗಳು ಸಾಲುಗಟ್ಟಿದ್ದವು, ಒಂದೊಂದರ ಮೂಲೆಯಲ್ಲೂ ಹಸಿರು ಸ್ಟಿಕ್ಕರ್. ಮೊದಲನೆಯ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಸ್ಟಿಕ್ಕರ್ ಕೀಳತೊಡಗಿದಳು.

"ಗೆರೆಯಮ್ಮಾ, ನಾಳಿದ್ದು ಲಾರಿ..." ಎಂದ ಪ್ಯಾಕಿಂಗಿನವನು ಬಾಯಿ ತೆರೆದುಕೊಂಡು.

"ಬರಲಿ. ಖಾಲಿ ಹೋಗಲಿ."

ಮಾಲೀಕ ಹಿಂದೆಯೇ ಓಡಿ ಬಂದಿದ್ದ. "ನಿಮಗೇನಾಗಿದೆ?"

"ಇಷ್ಟು ದಿನ ಆಗಿತ್ತು, ಈಗ ಬಿಡ್ತು." ಅತ್ತೆ ಕಿತ್ತ ಸ್ಟಿಕ್ಕರನ್ನು ಉಂಡೆ ಮಾಡಿ ಎಸೆದಳು. ಹಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ದನಿ ಏರಿಸಿದಳು. "ಕೇಳಿಸ್ಕೊಳ್ಳಿ. ಇವಳ ಪ್ರೋಗ್ರಾಂ ಸರಿ ಇದೆ. ನನ್ನ ಅಳತೆ ಸುಳ್ಳು. ಸುಳ್ಳಳತೆ ಮೇಲೆ ಅಂಟಿಸಿದ್ದು, ಅಂಟಿಸಿದ ಕೈಯೇ ಕೀಳುತ್ತೆ. ನಾಳೆ ಯಾರಾದ್ರೂ ಇವಳನ್ನ ಮರೆಗುಳಿ ಅಂದ್ರೆ ನನ್ನ ಹತ್ರ ಬಂದು ಅನ್ನಿ, ನೆನಪು ಬರಿಸ್ತೀನಿ."

"ಅವಳು ನಾಳೆ ಬರಲ್ಲ" ಎಂದ ಮಾಲೀಕ.

"ಹಾಗಾದ್ರೆ ಹಸಿರು ಸ್ಟಿಕ್ಕರ್ ಅಂಟಿಸೋದನ್ನ ನೀನೇ ಕಲಿ."

ಅವಳು ಅವನನ್ನು ಎದುರಿಗೆ ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಮಾಲೀಕ ಬರಬೇಡ ಎಂದದ್ದನ್ನು ಮತ್ತೆ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಫೋನನ್ನು ಕಿವಿಗಿಟ್ಟುಕೊಂಡು ಲಾರಿಯವನನ್ನು ಹುಡುಕುತ್ತ ಹೊರಗೆ ಹೋದ.

ಸೊಸೆ ನಿಂತೇ ಇದ್ದಳು. ಕೋಪ ಇಳಿದಿರಲಿಲ್ಲ, ಎಲ್ಲರ ಮುಂದೆ ಆಡಿದ ಒಂದು ಮಾತಿಗೆ ಇಳಿಯುವಷ್ಟು ಅಗ್ಗದ ಕೋಪವೂ ಅದಲ್ಲ. ಅತ್ತೆ ಎರಡನೆಯ ಪೆಟ್ಟಿಗೆಗೆ ಬಂದಿದ್ದಳು, ಉಗುರು ಜಾರುತ್ತಿತ್ತು, ಸ್ಟಿಕ್ಕರ್ ಅರ್ಧ ಹರಿದು ಅರ್ಧ ಅಲ್ಲೇ ಉಳಿಯುತ್ತಿತ್ತು.

"ಉಗುರಲ್ಲಿ ಬರಲ್ಲ ಅತ್ತೆ. ಬಿಸಿಗಾಳಿ ಹಿಡಿದ್ರೆ ಅಂಟು ಬಿಡುತ್ತೆ."

"ನಂಗೆ ಹೇಳ್ಕೊಡೋಕೆ ಬರಬೇಡ" ಎಂದಳು ಅತ್ತೆ, ತಿರುಗಿ ನೋಡದೆ. "ಆ ಬಿಸಿಗಾಳಿ ತಗೊಂಡು ಆ ಕಡೆ ಕೊನೆಯಿಂದ ಶುರು ಮಾಡು."